ಇದ್ದ ಹಾಗೆ ಇಟ್ಟು ಹೋಗುವುದು

ಅಥವಾ ಅದು ಬೇರೆ ಯಾವುದೋ ದಿನದ ಸದ್ದು ಇರಬಹುದು. ನಾನು ಬೆನ್ನು ತಿರುಗಿಸಿ ಕೂತಿದ್ದೆ. ಎದುರಿಗೆ ಕಿಟಕಿ, ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆಗೆ ಅಂಟಿಕೊಂಡ ಏಸಿ ಡಬ್ಬಿಗಳು. ಬೆನ್ನ ಹಿಂದೆ ಪಂಪಿನ ಗುಂಡಿಗಳು ಬೀಪ್ ಬೀಪ್ ಎಂದವು. ಒಂದೇ ಸಲ ಅಲ್ಲ, ಮತ್ತೆ ಮತ್ತೆ. ಇದನ್ನು ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಈಗ ನೆನಪಿರುವುದು ಸದ್ದೋ, ಸದ್ದಿನ ಬಗ್ಗೆ ನಾನಾಡಿದ ಮಾತೋ ಬೇರ್ಪಡಿಸಲು ಆಗುತ್ತಿಲ್ಲ. ಏಸಿ ಡಬ್ಬಿಗಳಾದರೂ ಆಗ ಇದ್ದವೇ? ಆ ಕಟ್ಟಡ ಆಗಿನ್ನೂ ಏಳುತ್ತಿತ್ತು ಅಂತಲೂ ಅನಿಸುತ್ತದೆ.

ಆ ಸದ್ದಿನ ಮೇಲೆ ಒಬ್ಬರ ಡಾಕ್ಟರೇಟು ನಿಂತಿತ್ತು.

ಅವರು ಕಳೆದ ತಿಂಗಳು ಡೊಂಬಿವಲಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ನೆರೂಳದ ಒಂದು ಕಾಲೇಜಿನ ಸಂಶೋಧನಾ ಪ್ರಯೋಗಾಲಯದಲ್ಲಿ ನಾವಿಬ್ಬರೂ ಬಹಳ ವರ್ಷ ಜೊತೆಗೆ ಕೆಲಸ ಮಾಡಿದವರು. ನಾನು ವಯಸ್ಸಿನಲ್ಲಿ ಚಿಕ್ಕವಳು, ಅವರನ್ನು ಅಕ್ಕಾರ ಎಂದು ಕರೆಯುತ್ತಿದ್ದೆ. ಮಿಕ್ಕವರಿಗೆ ಅವರು ‘ಪಂಪ್‌ವಾಲಿ ಮ್ಯಾಡಂ’. ಹೆಸರು ಬರೆಯುವುದಿಲ್ಲ. ಹೆಸರು ಬರೆದ ಕೂಡಲೇ ಮನುಷ್ಯರು ಪೂರ್ತಿಯಾಗಿಬಿಡುತ್ತಾರೆ. ನನ್ನ ಬಳಿ ಇರುವುದು ತುಂಡುಗಳು.

ಒಂದು ತುಂಡು, ಉಗುರು. ಬಲಗೈಯ ತೋರುಬೆರಳಿನ ಉಗುರನ್ನು ಮಾತ್ರ ಅವರು ಸ್ವಲ್ಪ ಉದ್ದ ಬಿಟ್ಟಿದ್ದರು. ಸಿರಿಂಜಿಗೆ ದ್ರಾವಣ ಎಳೆದುಕೊಂಡು, ಮೂತಿ ಮೇಲಾಗಿ ಹಿಡಿದು, ಆ ಉಗುರಿನಿಂದ ಗಾಜನ್ನು ಟಿಕ್ ಟಿಕ್ ಎಂದು ತಟ್ಟುವರು. ಒಳಗೋಡೆಗೆ ಅಂಟಿದ ಗಾಳಿಗುಳ್ಳೆಗಳು ಒಂದೊಂದಾಗಿ ಮೇಲೇರಬೇಕು, ಒಂದು ಉಳಿದರೂ ಪ್ರಯೋಗ ಕೆಡುತ್ತದೆ. ನಾನು ಗಡಿಯಾರ ನೋಡಿದರೆ, “ಗುಳ್ಳೆಗೆ ಥಾಣೆಯಲ್ಲಿ ಟ್ರೇನ್ ಬದಲು ಮಾಡ್ಲಿಕ್ಕೆ ಇಲ್ಲ ಮಾರಾಯ್ತಿ, ಅದಕ್ಕೆ ಎಂತ ಅವಸರ?” ಎನ್ನುವರು.

ಪಂಪು ಎಂದರೆ ಬಾವಿಯದ್ದಲ್ಲ. ಮೇಜಿನ ಮೇಲೆ ಕೂರುವ, ಹಳೆಯ ರೇಡಿಯೋದಷ್ಟು ದೊಡ್ಡ ಪೆಟ್ಟಿಗೆ. ಸಿರಿಂಜನ್ನು ಅದರ ಮೇಲೆ ಮಲಗಿಸಿ ಬಿಗಿಯಬೇಕು. ಒಳಗೆ ಉದ್ದನೆಯ ತಿರುಪು ಇದೆ. ಮೋಟಾರು ಅದನ್ನು ತಿರುಗಿಸಿದಂತೆ ಒಂದು ಲೋಹದ ತುಂಡು ಮುಂದೆ ಸರಿದು ಸಿರಿಂಜಿನ ಹಿಂಬದಿಯನ್ನು ದೂಡುತ್ತದೆ, ಯಾವ ದಾದಿಯ ಹೆಬ್ಬೆರಳಿಗೂ ಸಾಧ್ಯವಾಗದಷ್ಟು ನಿಧಾನವಾಗಿ, ಒಂದೇ ಸಮನೆ. ಆದರೆ ಮೇಲೆ ಮಲಗಿದ ಸಿರಿಂಜು ಎಷ್ಟು ಅಗಲದ್ದು ಎಂಬುದು ಪಂಪಿಗೆ ತಿಳಿಯದು. ಒಳವ್ಯಾಸ ಇಷ್ಟು ಎಂದು ನಾವು ಗುಂಡಿ ಒತ್ತಿ ಹೇಳಬೇಕು. ಗಾಜಿನ ಸಿರಿಂಜಿಗೆ ಒಂದು ಸಂಖ್ಯೆ, ಪ್ಲಾಸ್ಟಿಕ್ಕಿಗೆ ಇನ್ನೊಂದು. ತಪ್ಪು ಹೇಳಿದರೆ ಅದು ತಪ್ಪು ವೇಗದಲ್ಲಿ ಹರಿಸುತ್ತದೆ, ಪರದೆಯ ಮೇಲೆ ಮಾತ್ರ ನಾವು ಕೇಳಿದ ವೇಗವನ್ನೇ ತೋರಿಸುತ್ತಿರುತ್ತದೆ.

“ಇದಕ್ಕೆ ನೀರು ಗೊತ್ತಿಲ್ಲ, ತಿರುಪು ಮಾತ್ರ ಗೊತ್ತು. ನಾವು ಹೇಳಿದ್ದನ್ನೇ ನಮಗೆ ತಿರುಗಿ ಹೇಳ್ತದೆ, ಸಂಘದ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿ ಹೇಳಿದ ಹಾಗೆ.” ಹೊಸಬರಿಗೆ ಅವರ ಮೊದಲ ಪಾಠ ಇದು. ಕನ್ನಡ ಬಾರದವರಿಗೆ ಹಿಂದಿಯಲ್ಲಿ ಹೇಳುವಾಗ ಮುಖ್ಯ ಅತಿಥಿ ಬಿಟ್ಟುಹೋಗುತ್ತಿದ್ದ.

ಆ ಪಂಪು ಎರಡು ಗುಂಪುಗಳಿಗೆ ಸೇರಿದ್ದು. ಪಕ್ಕದ ಗುಂಪಿನವರು ಪ್ಲಾಸ್ಟಿಕ್ ಸಿರಿಂಜು ಬಳಸುತ್ತಿದ್ದರು, ಅಕ್ಕಾರ ತಮ್ಮ ಗಾಜಿನವನ್ನು. ಸ್ವಿಚ್ ಆರಿಸಿದರೂ ಕೊನೆಗೆ ಒತ್ತಿದ ಸಂಖ್ಯೆ ಅದರಲ್ಲಿ ಉಳಿಯುತ್ತಿತ್ತು, ಮತ್ತೆ ಸ್ವಿಚ್ ಹಾಕಿದಾಗ ಮಾತ್ರ ಸ್ವಲ್ಪ ಹೊತ್ತು ಪರದೆಯ ಮೇಲೆ ಕಾಣುತ್ತಿತ್ತು. ಹಾಗಾಗಿ ಅಕ್ಕಾರ ಕೆಲಸ ಶುರು ಮಾಡುವ ಮೊದಲು, ಹಿಂದಿನವರ ಸಂಖ್ಯೆಯನ್ನು ಎಡಗೈಯ ಹಿಂಬದಿಗೆ ಪೆನ್ನಿನಲ್ಲಿ ಗೀಚಿಕೊಳ್ಳುವರು. ತಮ್ಮದನ್ನು ಒತ್ತಿ, ಕೆಲಸ ಮುಗಿಸಿ, ಕೈ ನೋಡಿಕೊಂಡು ಅವರದ್ದನ್ನು ಮರಳಿ ಒತ್ತಿಡುವರು. ಆ ಲೋಹದ ತುಂಡನ್ನೂ ಮೊದಲಿದ್ದ ಜಾಗಕ್ಕೆ ಸರಿಸುವರು. ಕುರ್ಚಿಯನ್ನೂ. ಇದನ್ನು ಯಾರೂ ಅವರಿಗೆ ಹೇಳಿರಲಿಲ್ಲ, ಬೇರೆ ಯಾರೂ ಮಾಡುತ್ತಲೂ ಇರಲಿಲ್ಲ. ಮ್ಯಾಡಂ ದೆವ್ವದ ಹಾಗೆ, ಬಂದು ಹೋದ ಗುರುತೇ ಇರುವುದಿಲ್ಲ ಎಂದು ಪಕ್ಕದ ಗುಂಪಿನ ಒಬ್ಬ ನಗುತ್ತಿದ್ದ: “ಮ್ಯಾಡಂ ಭೂತ್ ಹೈ. ಆತೀ ಹೈ, ಕಾಮ್ ಕರ್ತೀ ಹೈ, ನಿಶಾನ್ ನಹೀಂ ಛೋಡ್‌ತೀ.”

ಇದರ ಮೂಲ ಅವರ ಅಪ್ಪ ಎಂದು ಅವರೇ ಹೇಳಿದ್ದರು. ಉಡುಪಿ ಕಡೆಯಿಂದ ಬಂದು ಥಾಣೆಯ ನೌಪಾಡಾದ ಒಂದು ಹೋಟೆಲಿನಲ್ಲಿ ಬೆಳಗಿನ ಪಾಳಿಯ ಅಡುಗೆ ಮಾಡುತ್ತಿದ್ದವರು. ಪಾಳಿ ಮುಗಿದು ಒಲೆ ಬಿಟ್ಟುಕೊಡುವಾಗ ಸೌಟು, ಉಪ್ಪಿನ ಡಬ್ಬ, ಮಸಿಬಟ್ಟೆ ಎಲ್ಲವೂ ತಾನು ಬಂದಾಗ ಎಲ್ಲಿತ್ತೋ ಅಲ್ಲಿರಬೇಕು. ಸಂಜೆಯವನು ಕಣ್ಣು ಮುಚ್ಚಿ ಕೈ ಹಾಕಿದರೆ ಸಿಗಬೇಕು. “ಬಂದವನಿಗೆ ನಮ್ಮ ವಾಸನೆ ಹೊಡಿಬಾರ್ದು,” ಎಂದು ಅಪ್ಪ ಹೇಳುತ್ತಿದ್ದರಂತೆ. ಹೇಳಿದ್ದು ತುಳುವಿನಲ್ಲಿ. ನನಗಾಗಿ ಅಕ್ಕಾರ ಕನ್ನಡ ಮಾಡಿದ್ದು. ತುಳುವಿನಲ್ಲಿ ಅದು ಇನ್ನೂ ಒರಟಾಗಿ, ಬಹುಶಃ ಬೈಗುಳದ ಹಾಗೇ ಇದ್ದಿರಬಹುದು. ನಾನು ಕೇಳಲಿಲ್ಲ.

ನಾನು ಬದಲಾಪುರದಿಂದ ಬರುವವಳು, ಅವರು ಡೊಂಬಿವಲಿಯಲ್ಲಿ ಹತ್ತುವವರು. ನನಗೆ ಸೀಟು ಸಿಕ್ಕಿರುತ್ತಿತ್ತು, ಅವರಿಗೆ ಸಿಗುವ ಪ್ರಶ್ನೆಯೇ ಇರಲಿಲ್ಲ. ಲೇಡೀಸ್ ಡಬ್ಬಿಯ ನೂಕಿನಲ್ಲಿ ನನ್ನ ಮೊಣಕಾಲಿಗೆ ತಾಗಿಕೊಂಡು, ಮೇಲಿನ ಹಿಡಿಗೆ ಕೈ ಸಿಕ್ಕಿಸಿ, ನಿಂತಲ್ಲೇ ನಿದ್ದೆ ಹೋಗುತ್ತಿದ್ದರು. ಬಾಯಿ ಸ್ವಲ್ಪ ತೆರೆದಿರುತ್ತಿತ್ತು. ಆ ಮುಖವನ್ನು ನಾನು ಇಷ್ಟು ಹತ್ತಿರದಿಂದ ಇಷ್ಟು ವರ್ಷ ನೋಡಿದ್ದೇನೆ. ಈಗ ಮೂಗಿನ ಆಕಾರ ಹೇಳು ಎಂದರೆ ತಡವರಿಸುತ್ತೇನೆ. ಥಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ನೆರೂಳದ ಗಾಡಿ ಹಿಡಿದರೆ ಇಬ್ಬರಿಗೂ ಕೂರಲು ಜಾಗ. ಅವರು ಕಿಟಕಿಯ ಷಟರು ಎತ್ತುವರು. ಇಳಿಯುವ ಮುಂಚೆ ಮೊದಲಿದ್ದಷ್ಟೇ ಇಳಿಸುವರು.

“ಯಾರ ಸಲುವಾಗಿ ಇದನ್ನ ಮಾಡ್ತೀರಿ ಅಕ್ಕಾರ? ಯಾರೂ ನೋಡಂಗಿಲ್ಲ,” ಎಂದೆ ಒಮ್ಮೆ.

“ನೋಡದಿದ್ರೆ ಒಳ್ಳೇದೇ ಆಯ್ತಲ್ಲ. ಮತ್ತೆ ನೀನು ಮಾತಾಡುವಾಗ ಸ್ವಲ್ಪ ಮೆಲ್ಲ. ನಿನ್ನ ಹುಬ್ಬಳ್ಳಿ ಕನ್ನಡ ಕೇಳಿ ಆಚೆ ಬದಿಯವರು ಜಗಳ ಅಂತ ತಿಳ್ಕೊಂಡಿದ್ದಾರೆ.”

“ನಿಮ್ದು ಕೇಳಿದ್ರ ಪಾಠ ಒಪ್ಪಸ್ಲಿಕ್ಕತ್ತಾರ ಅಂತ ತಿಳ್ಕೋತಾರ, ಅಷ್ಟ.”

ಹೀಗೆ ಬರೆಯುತ್ತ ಹೋದರೆ ಒಬ್ಬ ಸಾಧ್ವಿ ತಯಾರಾಗುತ್ತಾರೆ. ಅದು ಸುಳ್ಳು. ತಮ್ಮ ಗಾಜಿನ ಸಿರಿಂಜುಗಳನ್ನು ಸ್ಟೀಲ್ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಟ್ಟುಕೊಳ್ಳುತ್ತಿದ್ದರು, ಯಾರು ಕೇಳಿದರೂ ಕೊಡುತ್ತಿರಲಿಲ್ಲ. ‘ಸುಮಾರು’ ಎಂಬ ಮಾತು ಬಳಸಿದ ವಿದ್ಯಾರ್ಥಿನಿಯೊಬ್ಬಳನ್ನು ಅಳುವಂತೆ ಬೈದಿದ್ದರು. ತಮಗಿಂತ ಚಿಕ್ಕವರು ಪಿಎಚ್‌ಡಿ ಮುಗಿಸಿದಾಗ “ಬನ್ನಿ ಡಾಕ್ಟರ್ ಸಾಹೇಬ್ರೇ” ಎಂದು ಬಾಗಿಲು ತೆರೆದು ಹಿಡಿಯುವರು, ಅದರಲ್ಲಿ ಪ್ರೀತಿ ಇರಲಿಲ್ಲ. ಅವರಿಗೆ ಆ ಪದವಿ ಬೇಕಿತ್ತು. ಮಗಳು ಹುಟ್ಟಿ, ದೊಡ್ಡವಳಾಗಿ, ಮನೆ ಒಂದು ಹದಕ್ಕೆ ಬಂದ ಮೇಲೆ, ಪ್ರಯೋಗಾಲಯದ ಸಹಾಯಕಿಯ ಕೆಲಸದಲ್ಲಿದ್ದುಕೊಂಡೇ ನೋಂದಣಿ ಮಾಡಿಸಿಕೊಂಡಿದ್ದರು. ಮನೆ ಬಾಗಿಲಿಗೆ ಹೊಸ ನಾಮಫಲಕ ಮಾಡಿಸಿದಾಗ ತಮ್ಮ ಹೆಸರಿನ ಮುಂದೆ ಎರಡಕ್ಷರದಷ್ಟು ಜಾಗ ಬಿಡಿಸಿದ್ದರಂತೆ. “ಆಮೇಲೆ ಪುನಃ ಫಲಕ ಮಾಡಿಸುವ ಕೆಲಸ ಇಲ್ಲ ನೋಡು,” ಎಂದು ನಕ್ಕಿದ್ದರು. ತಮಾಷೆಗೆ ಹೇಳಿದ್ದೂ ಇರಬಹುದು.

ಅವರ ಸಂಶೋಧನೆಯನ್ನು ಹೀಗೆ ಹೇಳಬಹುದು. ಕೂದಲೆಳೆಯಷ್ಟು ಸಪೂರವಾದ ಗಾಜಿನ ಕಾಲುವೆಯಲ್ಲಿ ಎರಡು ದ್ರವಗಳು ಸೇರುತ್ತವೆ. ಸೇರಿದಲ್ಲಿ ಔಷಧಿಯನ್ನು ಹೊತ್ತೊಯ್ಯಬಲ್ಲ ಅತಿ ಸೂಕ್ಷ್ಮ ಕಣಗಳು ಹುಟ್ಟುತ್ತವೆ. ಎಲ್ಲ ಕಣಗಳೂ ಒಂದೇ ಗಾತ್ರದವಾಗಬೇಕು, ಅದಕ್ಕೆ ದ್ರವಗಳು ಸರಿಯಾದ ವೇಗದಲ್ಲಿ ಬರಬೇಕು. ಯಾವುದು ಸರಿಯಾದ ವೇಗ? ಅದೇ ಪ್ರಬಂಧ. ವರ್ಷಗಟ್ಟಲೆ ಕಣಗಳು ಸಂತೆಯಲ್ಲಿ ಸುರಿದ ಬಟಾಟೆಯ ಹಾಗೆ ಚಿಕ್ಕದು ದೊಡ್ಡದು ಕಲಸಿಕೊಂಡೇ ಬರುತ್ತಿದ್ದವು.

ಒಂದು ದಿನ ಹಾಗೆ ಬರಲಿಲ್ಲ. ಗಣಕದ ಪರದೆಯ ಮೇಲೆ ಚದುರಿದ ಗುಡ್ಡಗಳ ಬದಲು ಒಂದೇ ಒಂದು ಸಪೂರ ಗೆರೆ ನೇರ ಮೇಲಕ್ಕೆದ್ದಿತ್ತು. ಅಕ್ಕಾರ ನನ್ನ ಭುಜ ಮುಟ್ಟಿ ತೋರಿಸಿದರು. ಆಮೇಲೆ ಕ್ಯಾಂಟೀನಿಗೆ ಹೋಗಿ ಚಹಾ ಕುಡಿದು ಬಂದು, ಕೈ ನೋಡಿಕೊಂಡು, ಪಕ್ಕದ ಗುಂಪಿನವರ ಸಂಖ್ಯೆಯನ್ನು ಪಂಪಿಗೆ ಮರಳಿ ಒತ್ತಿ, ಕುರ್ಚಿ ಸರಿಸಿಟ್ಟರು.

ಅದೇ ದಿನ ಬೆಳಿಗ್ಗೆ, ಅವರು ಸಿರಿಂಜು ಬಿಗಿಯುತ್ತಿದ್ದಾಗ, ಅವರ ಮಾರ್ಗದರ್ಶಕರು ಯಾರೋ ಅತಿಥಿಗಳನ್ನು ಕರೆದುಕೊಂಡು ಒಳಗೆ ಬಂದಿದ್ದರು. ಅಕ್ಕಾರ ಕೈಗವಸು ಕಳಚಿ ಅವರಿಗೆ ಎಲ್ಲ ವಿವರಿಸಿ, ಅವರು ಹೋದ ಮೇಲೆ ಮತ್ತೆ ಪಂಪಿನ ಮುಂದೆ ನಿಂತು ಶುರು ಮಾಡಿದರು. ಇದು ಖಂಡಿತ. ಅತಿಥಿಗಳಲ್ಲಿ ಒಬ್ಬರ ಅತ್ತರಿನ ವಾಸನೆಗೆ ನಾನು ಸೀನಿದ್ದೆ. ಆದರೆ ಆ ಅಡ್ಡಿಗೆ ಮೊದಲು, ಅಥವಾ ಆಮೇಲೆ, ಅವರು ತಮ್ಮ ಗಾಜಿನ ಸಿರಿಂಜಿನ ವ್ಯಾಸವನ್ನು ಒತ್ತಿದ್ದರೇ? ಅಥವಾ ಪಕ್ಕದ ಗುಂಪಿನ ಪ್ಲಾಸ್ಟಿಕ್ ಸಂಖ್ಯೆಯ ಮೇಲೆಯೇ ಓಡಿಸಿಬಿಟ್ಟರೇ?

ಈ ಪ್ರಶ್ನೆ ಅಂದು ಹುಟ್ಟಲಿಲ್ಲ. ಪ್ರಬಂಧ ಬರೆಯುವಾಗ, ಆ ಗೆರೆಯನ್ನು ಇನ್ನೊಮ್ಮೆ ಎಬ್ಬಿಸಿ ತೋರಿಸಬೇಕಾಗಿ ಬಂದಾಗ ಹುಟ್ಟಿತು. ಅಷ್ಟರಲ್ಲಿ ಆ ಗಾಜಿನ ಕಾಲುವೆ ತೊಳೆಯುವಾಗ ಬಿರುಕು ಬಿಟ್ಟಿತ್ತು. ಕೈಯಲ್ಲಿ ಮಾಡಿಸಿದ್ದು, ಅಂಥದ್ದೇ ಇನ್ನೊಂದು ಆಗುವಂತಿರಲಿಲ್ಲ. ಹೊಸ ಕಾಲುವೆಯಲ್ಲಿ ತಮ್ಮ ಸಂಖ್ಯೆ ಹಾಕಿ ಓಡಿಸಿದರು, ಬಟಾಟೆ. ಮರೆತಿದ್ದರೆ ಹೀಗಾಗಿರಬೇಕು ಎಂದು ಪ್ಲಾಸ್ಟಿಕ್ಕಿನ ಸಂಖ್ಯೆ ಹಾಕಿ ಓಡಿಸಿದರು, ಬಟಾಟೆಯೇ. ಎರಡರಲ್ಲಿ ಯಾವುದು ಅಂದಿನ ವೇಗ ಎಂದು ಹೇಳಬಲ್ಲದ್ದು ಒಂದೇ ಇತ್ತು, ಅಂದು ಸಂಜೆಯ ಪಂಪು. ಅದನ್ನು ಹಾಗೇ ಬಿಟ್ಟು ಹೋಗಿದ್ದರೆ, ಕೊನೆಗೆ ಒತ್ತಿದ ಸಂಖ್ಯೆ ಮರುದಿನ ಸ್ವಿಚ್ ಹಾಕಿದಾಗ ಪರದೆಯ ಮೇಲೆ ಬರುತ್ತಿತ್ತು, ಪಕ್ಕದವರು ಬಂದು “ಇದ್ಯಾರದು” ಎಂದು ಗೊಣಗಿರುತ್ತಿದ್ದರು. ಮರಳಿ ಒತ್ತುವಾಗಲಾದರೂ ಗೊತ್ತಾಗಬಾರದಿತ್ತೇ? ಇಲ್ಲ. ಆ ಹಳೆಯ ಪಂಪಿನಲ್ಲಿ ವ್ಯಾಸದ ಪುಟ ತೆರೆದ ಕೂಡಲೇ ಇದ್ದ ಸಂಖ್ಯೆ ಅಳಿದು ಖಾಲಿ ಗೆರೆ ಮಿನುಗುತ್ತಿತ್ತು.

“ನನಗೆ ಸ್ವಲ್ಪ ಮರ್ಯಾದೆ ಕಡಿಮೆ ಇದ್ದಿದ್ರೆ ಇಷ್ಟೊತ್ತಿಗೆ ಡಾಕ್ಟರ್ ಆಗ್ತಿದ್ದೆ,” ಎಂದರು ಅಕ್ಕಾರ.

ನೆರೂಳದ ಗಾಡಿಯಲ್ಲಿ ಅವರು ನನ್ನನ್ನು ವಿಚಾರಿಸಿದ್ದು ಅದಾದ ಮೇಲೆ. ಷಟರು ಎತ್ತದೆ ಕೂತಿದ್ದರು.

“ನೀನು ಅಲ್ಲೇ ಇದ್ದಿ ಅಲ್ವಾ. ನಾನು ಒತ್ತಿದ್ದು ನೆನಪುಂಟಾ?”

“ಹೌದ್ರಿ, ಬೀಪ್ ಬೀಪ್ ಅಂದದ್ದು ಕೇಳಿಸ್ತಲ್ಲ. ನಾನು ಕಿಟಕಿ ಕಡೆ ಮುಖ ಮಾಡಿ ಕೂತಿದ್ನಿ.”

“ಶುರು ಮಾಡುವ ಗುಂಡಿಗೂ ಬೀಪ್ ಉಂಟು.”

“ಒಂದ ಅಲ್ರಿ. ಸಾಲಾಗಿ ಬಂದ್ವು.”

“ಬೆಳಿಗ್ಗೆಯಾ, ಸಂಜೆಯಾ?”

ಸಂಜೆಯೂ ಅವರು ಒತ್ತಿದ್ದರು, ಪಕ್ಕದವರ ಸಂಖ್ಯೆಯನ್ನು. ಸಂಜೆಯೂ ನಾನು ಅದೇ ಕುರ್ಚಿಯಲ್ಲಿ ಅದೇ ಕಿಟಕಿಗೆ ಮುಖ ಮಾಡಿ ಕೂತಿದ್ದೆ.

“ಬೆಳಿಗ್ಗೇನ ಇರಬೇಕ್ರಿ,” ಎಂದೆ.

“ಇರಬೇಕು ಅಂದ್ರೆ ಇಲ್ಲ ಅಂತ ಅರ್ಥ.”

“ನಿಮಗ ನೆನಪಿಲ್ಲೇನ್ರಿ?”

“ನನ್ನ ಕೈಗೆ ನೆನಪುಂಟು. ಆದ್ರೆ ಕೈಗೆ ದಿನಾಲೂ ಒತ್ತಿದ ನೆನಪು, ಮಾರಾಯ್ತಿ. ಆ ಒಂದು ದಿನದ್ದು ಬೇರೆ ತೆಗೆದು ಕೊಡು ಅಂದ್ರೆ ಅದು ಎಲ್ಲಿಂದ ಕೊಡ್ತದೆ?”

ಆಮೇಲೆ ಮಾರ್ಗದರ್ಶಕರ ಕೋಣೆ. ಒಳ್ಳೆಯ ಮನುಷ್ಯ, ನಿವೃತ್ತಿ ಹತ್ತಿರವಿತ್ತು, ಇವರದ್ದೊಂದು ಮುಗಿದರೆ ಸಾಕೆನಿಸಿತ್ತು. “ಅರೇ, ಲಿಖ್ ದೋ ನಾ,” ಎಂದರು. “ಸ್ಕ್ರೀನ್ ಪೇ ಜೋ ಸ್ಪೀಡ್ ಥಾ, ವಹೀ ಲಿಖೋ. ಝೂಠ್ ಥೋಡೀ ಹೈ.” ಪರದೆಯಲ್ಲಿದ್ದ ವೇಗವನ್ನೇ ಬರೆ ಎಂದು ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಪರದೆ ಹಾಗೇ ತೋರಿಸಿತ್ತು. ಆಮೇಲೆ, ನೀನೂ ಸದ್ದು ಕೇಳಿದ್ದೆ ಅಲ್ಲವೇ ಎಂಬಂತೆ, ನನ್ನ ಕಡೆ ತಿರುಗಿ, “ತುಮ್‌ನೇ ಭೀ ಸುನಾ ಥಾ ನಾ?” ಎಂದರು.

“ಹಾಂ ಸರ್, ಸುನಾ ಥಾ,” ಎಂದೆ. ಅಕ್ಕಾರಿಗೆ ಪದವಿ ಸಿಗಲಿ ಎಂದು ನನಗಿತ್ತು. ಹಾಗೆ ಹೇಳುವಾಗ ನನಗೆ ನಿಜವಾಗಿಯೂ ಬೆಳಗಿನ ಸದ್ದೇ ಕೇಳಿಸುತ್ತಿತ್ತು.

ಅಕ್ಕಾರ ನನ್ನನ್ನು ನೋಡದೆಯೇ, “ಸುನ್‌ನಾ ಡೇಟಾ ನಹೀಂ ಹೈ ಸರ್,” ಎಂದರು. ಕಿವಿಗೆ ಬಿದ್ದದ್ದು ದಾಖಲೆಯಲ್ಲ.

ಅವರು ಆ ಅಧ್ಯಾಯವನ್ನು ತೆಗೆಯಲಿಲ್ಲ, ತೆಗೆದರೆ ಪ್ರಬಂಧದಲ್ಲಿ ಏನೂ ಉಳಿಯುತ್ತಿರಲಿಲ್ಲ. ಆ ಗೆರೆಯ ಚಿತ್ರ ಹಾಕಿದರು. ಅದರ ಕೆಳಗೆ, ವೇಗ ಬರೆಯಬೇಕಾದಲ್ಲಿ, ಈ ಪ್ರಯೋಗದಲ್ಲಿ ದ್ರವ ಯಾವ ವೇಗದಲ್ಲಿ ಹರಿಯಿತು ಎಂಬುದು ತಿಳಿದಿಲ್ಲ ಎಂಬರ್ಥದ ಒಂದು ವಾಕ್ಯ ಬರೆದರು. ವೇಗವೇ ಪ್ರಬಂಧವಾಗಿರುವಾಗ ಹೀಗೆ ಬರೆದರೆ ಯಾರು ಸಹಿ ಹಾಕುತ್ತಾರೆ? ಮಾರ್ಗದರ್ಶಕರು ವಾಕ್ಯ ತೆಗೆಯಲು ಹೇಳಿದರು, ಬೇಡಿಕೊಂಡರು, ಕಡೆಗೆ “ಬಹುತ್ ಜಿದ್ದೀ ಹೈ”, ಬಹಳ ಹಠಮಾರಿ, ಎಂದು ಕೈಬಿಟ್ಟರು. ನೋಂದಣಿಯ ಅವಧಿ ಮುಗಿಯಿತು. ಅಕ್ಕಾರ ಅದೇ ಕೆಲಸದಲ್ಲಿ ಉಳಿದರು, ಅದೇ ಪಂಪಿನ ಮುಂದೆ, ಬೇರೆಯವರ ಪ್ರಬಂಧಗಳಿಗಾಗಿ ಗುಳ್ಳೆ ತಟ್ಟುತ್ತ. ಪಕ್ಕದವರ ಸಂಖ್ಯೆಯನ್ನು ಮರಳಿ ಒತ್ತಿಡುವುದನ್ನು ನಿಲ್ಲಿಸುತ್ತಾರೆ ಅಂದುಕೊಂಡಿದ್ದೆ. ನಿಲ್ಲಿಸಲಿಲ್ಲ.

ಇಲ್ಲಿಗೆ ಇದು ಒಂದು ನೀತಿಕಥೆಯ ಹಾಗೆ ಕಾಣಲು ಶುರುವಾಗಿದೆ, ನನಗೆ ಇದರ ಮೇಲೆ ನಂಬಿಕೆ ಇಲ್ಲ. ಯಾಕೆಂದರೆ ಇನ್ನೊಂದು ತುಂಡು ಇದೆ. ಅವಧಿ ಮುಗಿದ ದಿನಗಳಲ್ಲೇ, ಸಂಜೆ, ಥಾಣೆಯ ಸೇತುವೆಯ ಮೇಲೆ ಜನ ಗಟ್ಟಿಯಾಗಿ ನಿಂತುಬಿಟ್ಟಿದ್ದರು. ಕೆಳಗೆ ನಮ್ಮ ಗಾಡಿ ಹೊರಟುಹೋಗುತ್ತಿತ್ತು. ಅಕ್ಕಾರ ಕಂಬಿಗೆ ಒರಗಿ, “ನನಗೆ ಸಾಕಾಯ್ತು ಮಾರಾಯ್ತಿ,” ಎಂದರು. ಏನು ಸಾಕಾಯ್ತು? ಗಾಡಿಯೇ, ಜನವೇ, ವರ್ಷಗಟ್ಟಲೆಯ ಬಟಾಟೆಯೇ? ಅವರ ಮುಖದಲ್ಲಿ ಸೋತವರ ದುಃಖ ಇರಲಿಲ್ಲ, ಗೆದ್ದವರ ಬಿಗುವೂ ಇರಲಿಲ್ಲ. ಚೀಲ ಇಳಿಸಿದವರ ಮುಖದ ಹಾಗಿತ್ತು. ಆ ವಾಕ್ಯ ಅವರಿಗೊಂದು ಬಾಗಿಲಾಗಿತ್ತೋ ಏನೋ. ಹೊರಗೆ ಹೋಗಲು ಯಾರೂ ಬೈಯಲಾಗದ, ಮರ್ಯಾದೆಯ ಬಾಗಿಲು. ಅಥವಾ ಇದು ನನ್ನದೇ ಆಯಾಸ, ಅವರ ಮುಖಕ್ಕೆ ಹಚ್ಚಿದ್ದು. ಆ ಸಂಜೆ ನನಗೂ ಸಾಕಾಗಿತ್ತು.

ಉತ್ತರಕ್ರಿಯೆ ಮುಗಿದ ಮೇಲೆ ಅವರ ಮನೆಗೆ ಹೋದೆ. ಮಗಳು ಬಾಗಿಲು ತೆರೆದಳು. ಈಗ ಐರೋಲಿಯ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ, ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. ಅಮ್ಮನ ನೆನಪಿಗೆ ಏನಾದರೂ ಒಂದು ಕೊಡುತ್ತೀಯಾ, ಆ ಗಾಜಿನ ಸಿರಿಂಜು ಒಂದಾದರೂ, ಎಂದು ಕೇಳಿದೆ.

“ಕುಛ್ ಹೈ ಹೀ ನಹೀಂ ಆಂಟಿ,” ಎಂದಳು. ಕಪಾಟು ತೆರೆದು ತೋರಿಸಿದಳು. ಕಾಯಿಲೆ ಗೊತ್ತಾದ ಮೇಲೆ ಅಕ್ಕಾರ ಒಂದೊಂದಾಗಿ ಎಲ್ಲವನ್ನೂ ಕೊಟ್ಟು, ಎಸೆದು, ಹಂಚಿ ಮುಗಿಸಿದ್ದರಂತೆ. ಸೀರೆಗಳನ್ನೂ. ಅರೆಗಳಿಗೆ ಹೊಸ ಕಾಗದ ಹಾಸಿತ್ತು. ಅಮ್ಮ ಇಲ್ಲಿ ಇರಲೇ ಇಲ್ಲವೇನೋ ಅನಿಸುತ್ತದೆ ಎಂದಳು: “ಐಸಾ ಲಗ್ತಾ ಹೈ ಮಮ್ಮಿ ಯಹಾಂ ರೆಹತೀ ಹೀ ನಹೀಂ ಥೀ.”

ಅಮ್ಮ ಆ ಪಿಎಚ್‌ಡಿಯ ಬಗ್ಗೆ ಯಾವಾಗಲಾದರೂ ಮಾತಾಡಿದ್ದರಾ, ಎಂದೆ.

“ಬೋಲ್ತೀ ಥೀ, ಬೋರ್ ಹೋ ಗಯಾ ಥಾ.”

ಒಳಕೋಣೆಯಿಂದ ಅವಳ ಅಪ್ಪ ಕೂಗಿದರು: “ಬೋರ್ ಎಂತದ್ದು? ಹಠ. ಅವಳದ್ದು ಹಠ.” ಆಮೇಲೆ ಅವರೇ, ಮೆಲ್ಲ, “ನನಗೆ ಎಂತ ಗೊತ್ತುಂಟು,” ಎಂದರು.

ಚಹಾ ಕುಡಿದೆವು. ಮಗಳು ಲೋಟ ತೊಳೆದು ಬೋರಲು ಹಾಕಿದಳು. ನಾನು ಚಪ್ಪಲಿ ಮೆಟ್ಟಿ, ಲಿಫ್ಟ್ ಕೆಟ್ಟಿದೆ ಎಂದು ಮೆಟ್ಟಿಲು ಇಳಿದು, ಸ್ಟೇಷನ್ನಿಗೆ ಬಂದು, ಬದಲಾಪುರದ ಗಾಡಿಯಲ್ಲಿ ನಿಂತುಕೊಂಡ ಮೇಲೆ ನೆನಪಾಯಿತು. ಬಾಗಿಲ ಮೇಲಿನ ಫಲಕವನ್ನು ನಾನು ನೋಡಲೇ ಇಲ್ಲ. ಎರಡಕ್ಷರದ ಜಾಗ ಅಲ್ಲಿದೆಯೇ, ಎಂದಾದರೂ ಇತ್ತೇ. ಬೆಲ್ ಒತ್ತುವಾಗ ಅದು ನನ್ನ ಮೂಗಿನ ಮುಂದೆಯೇ ಇದ್ದಿರಬೇಕು.

ಇರಬೇಕು ಅಂದರೆ ಇಲ್ಲ ಅಂತ ಅರ್ಥ.

ಅವರು ಅಂದು ವ್ಯಾಸ ಒತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಆ ವಾಕ್ಯ ಬರೆದು ಅವರು ನಿಜದ ಪರ ನಿಂತದ್ದೋ, ಸಾಕಾಗಿ ಹೊರಟದ್ದೋ ಗೊತ್ತಿಲ್ಲ. ನಾನು ಕೇಳಿದ ಸದ್ದು ಬೆಳಿಗ್ಗೆ ಅವರು ತಮ್ಮ ಸಂಖ್ಯೆಯನ್ನು ಒತ್ತಿದ್ದೋ, ಸಂಜೆ ಅದನ್ನು ಅಳಿಸಿ ಬೇರೆಯವರದ್ದನ್ನು ಮರಳಿ ಇಟ್ಟದ್ದೋ, ಅದೂ ಗೊತ್ತಿಲ್ಲ.